ವಾಶ್‌ಬೇಸಿನ್ ಸುಳಿಗೆ ಭೂಮಿಯ ತಿರುಗುವಿಕೆ ಕಾರಣವೇ?

ವಿಜಯಪುರ: ಉತ್ತರ ಗೋಳಾರ್ಧದಲ್ಲಿ ವಾಶ್‌ಬೇಸಿನ್ ನೀರು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೇ ಸುಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ಭೂಮಿಯ ತಿರುಗುವಿಕೆಯಿಂದ ಉಂಟಾಗುವ ಕೊರಿಯೊಲಿಸ್ ಪರಿಣಾಮ ಅಷ್ಟು ಚಿಕ್ಕ ಜಾಗದಲ್ಲಿ ಅತ್ಯಲ್ಪ. ಬೇಸಿನ್ನಿನ ಆಕಾರ, ನೀರು ಬಿದ್ದ ದಿಕ್ಕುಗಳೇ ಸುಳಿಯನ್ನು ನಿರ್ಧರಿಸುತ್ತವೆ.

ಅಮೆರಿಕದ ಎಂಐಟಿ ವಿಜ್ಞಾನಿ ಆಶರ್ ಶಪಿರೋ 1962ರಲ್ಲಿ 6 ಅಡಿ ಅಗಲದ ತೊಟ್ಟಿಯಲ್ಲಿ ನೀರನ್ನು 24 ಗಂಟೆ ನಿಶ್ಚಲವಾಗಿರಿಸಿದ ಬಳಿಕವಷ್ಟೇ ಈ ಪರಿಣಾಮ ಗೋಚರಿಸಿತು. ಸುಮಾರು 16–17 ಡಿಗ್ರಿ ಅಕ್ಷಾಂಶದಲ್ಲಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಅದು ಅಲ್ಲಿಗಿಂತ ಅರ್ಧಕ್ಕೂ ಕಡಿಮೆ.

ಆದರೆ ನೂರಾರು ಕಿ.ಮೀ. ಹರಡುವ ವಾಯುಭಾರ ಕುಸಿತಗಳ ಗಾಳಿಯನ್ನು ತಿರುಗಿಸುವುದು ಇದೇ ಪರಿಣಾಮ. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ಅಂತಹ ಕುಸಿತದ ಮಳೆಗೆ ಭೀಮಾ ನದಿ ಉಕ್ಕಿ, ಇಂಡಿ, ಸಿಂದಗಿ ಭಾಗದ ನದಿ ತೀರದ ಗ್ರಾಮಗಳು ಪ್ರವಾಹಕ್ಕೆ ಸಿಲುಕಿದ್ದವು.