ಊರಿಗೊಂದು ಪೊರೆ

ಜೀವಕೋಶದ ಪೊರೆ ನೆನಪಿದೆಯಲ್ವಾ? ಆಮ್ಲಜನಕ ಸಲೀಸಾಗಿ ದಾಟುತ್ತೆ, ಸೋಡಿಯಂ ಅಯಾನಿಗೆ ಬೇರೆ ಬಾಗಿಲೇ ಬೇಕು. ನೆದರ್ಲೆಂಡ್ಸ್‌ನ ಖ್ರೋನಿಂಗನ್ ನಗರ 1977ರಲ್ಲಿ ತನ್ನ ಬೀದಿಗಳಿಗೆ ಇಂಥದ್ದೇ ಪೊರೆ ಹಾಕಿತು. ನಗರದ ನಡುಭಾಗವನ್ನು ನಾಲ್ಕು ಹೋಳು ಮಾಡಿದರು. ಒಂದರಿಂದ ಇನ್ನೊಂದಕ್ಕೆ ನಡೆಯುವವರು, ಸೈಕಲ್ಲಿನವರು ನೇರವಾಗಿ ಹೋಗಬಹುದು. ಕಾರಿನವರು ಮಾತ್ರ ಹೊರಗಿನ ವರ್ತುಲ ರಸ್ತೆಗೆ ಹೋಗಿ, ಸುತ್ತು ಹಾಕಿಯೇ ಬರಬೇಕು.

ವ್ಯಾಪಾರ ಮುಳುಗುತ್ತೆ ಅಂತ ಅಂಗಡಿಯವರು ರೇಗಿದರು. ಯೋಜನೆ ಉಳಿಯಿತು. ಗಮನಿಸಿ, ಊರೊಳಗೆ ಕಾರು ಬರಲೇಬಾರದು ಅನ್ನಲಿಲ್ಲ. ನಡುವೆ ಹಾಯುವ ಹತ್ತಿರದ ದಾರಿಯನ್ನಷ್ಟೇ ಕಿತ್ತುಕೊಂಡರು. ನನ್ನ ಪ್ರಕಾರ ಜಾಣತನ ಇರೋದು ಅಲ್ಲೇ.

ಬೆಂಗಳೂರಲ್ಲಿ ನಮ್ಮಮ್ಮ ಮನೆ ಎದುರಿನ ಔಷಧಿ ಅಂಗಡಿಗೆ ಆಟೋ ಹಿಡೀತಾರೆ. ದೂರ ಅಂತಲ್ಲ, ರಸ್ತೆ ದಾಟೋಕೆ ಭಯ. ಆಟೋ ಯು-ಟರ್ನ್ ಹೊಡೆದು ಆಚೆ ಬದಿ ತಲುಪೋಕೆ ಹದಿನೈದು ನಿಮಿಷ.