ಹದಿನೈದು ಸಾವಿರ ಮಕ್ಕಳ ಅಜ್ಜಿ

2018ರ ಪದ್ಮಶ್ರೀ ಪುರಸ್ಕೃತರ ಸಾಲಿನಲ್ಲಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಅಜ್ಜಿಯೊಬ್ಬರಿದ್ದರು. ಓದುಬರಹ ಕಲಿಯದ, ತೆಲುಗು ಮನೆಮಾತಿನ ಸೂಲಗಿತ್ತಿ ನರಸಮ್ಮ. ಏಳು ದಶಕಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದಕ್ಕೆಂದು ಯಾರಲ್ಲೂ ದುಡ್ಡು ಕೇಳದವರು. ಅದೇ ವರ್ಷ ಡಿಸೆಂಬರ್ 25ರಂದು, 98ರ ಇಳಿವಯಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

1920ರಲ್ಲಿ ಹುಟ್ಟಿದ ಅವರಿಗೆ ಹನ್ನೆರಡಕ್ಕೇ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳು. ನಾಲ್ಕು ಎಳವೆಯಲ್ಲೇ ಹೋದವು. ಅವರ ಐದು ಹೆರಿಗೆ ಮಾಡಿಸಿದ್ದು ಸ್ವಂತ ಅಜ್ಜಿ ಮರಿಗೆಮ್ಮ. ಆಕೆಯೇ ಗುರು. ಇಪ್ಪತ್ತರ ಹರೆಯದಲ್ಲಿ ನರಸಮ್ಮ ಮೊದಲ ಬಾರಿಗೆ ಸಂಬಂಧಿಯೊಬ್ಬರ ಹೆರಿಗೆಗೆ ನೆರವಾದರು. ಊರಿಗೆ ಬಂದುಹೋಗುವ ಅಲೆಮಾರಿಗಳಿಂದ ಬಸುರಿಯರ ನಾಟಿ ಔಷಧಿ ಕಲಿತರು. ಪಾವಗಡವೆಂದರೆ ಮಳೆ ಕೈಕೊಡುವ, ಮೂರು ಕಡೆ ಆಂಧ್ರ ಸುತ್ತುವರಿದ ಗಡಿಸೀಮೆ. ಅಲ್ಲಿ ನಡುರಾತ್ರಿ ಬೇನೆ ಶುರುವಾದರೆ ಡಾಕ್ಟರು ಎಲ್ಲಿಂದ ಬರಬೇಕಿತ್ತು? ಮನೆಯವರು ಓಡುತ್ತಿದ್ದದ್ದು ನರಸಮ್ಮನ ಬಾಗಿಲಿಗೆ.

ಈ ಕಸುಬಿಗೆ ಸಲಕರಣೆ ಕಡಿಮೆ. ಕೈಯೇ ಎಲ್ಲ. ಬಸುರಿಯ ಹೊಟ್ಟೆಗೆ ಹರಳೆಣ್ಣೆ ಸವರಿ, ಅಂಗೈ ಇಳಿಸುತ್ತ ಕೂಸಿನ ತಲೆ ಎಲ್ಲಿ ಕೂತಿದೆ, ಬೆನ್ನು ಯಾವ ಕಡೆಗಿದೆ ಎಂದು ನೋಡುವುದು. ಹೊಟ್ಟೆ ಮುಟ್ಟಿಯೇ ಒಳಗಿನ ಕೂಸಿನ ಕ್ಷೇಮ ಹೇಳಬಲ್ಲರೆಂದು ನರಸಮ್ಮ ಹೆಸರಾದದ್ದು ಹೀಗೆ. ಆಮೇಲೆ ಕಾಯುವುದು. ಒಳ್ಳೆಯ ಸೂಲಗಿತ್ತಿ ಅವಸರ ಮಾಡುವುದಿಲ್ಲ. ಬೇನೆ ಬಂದಾಗ ಸೊಂಟ ನೀವುತ್ತಾಳೆ, ಬಿಟ್ಟಾಗ ನೀರು ಕುಡಿಸುತ್ತಾಳೆ, ‘ಇನ್ನೊಂದು ಸಲ ಮುಕ್ಕು ತಾಯಿ’ ಎನ್ನುತ್ತಾಳೆ. ಕೂಸು ಅತ್ತ ಮೇಲೂ ಅವಳ ಕೆಲಸ ಮುಗಿಯದು. ಹೊಕ್ಕುಳಬಳ್ಳಿಗೆ ದಾರ ಕಟ್ಟಿ ಕೊಯ್ಯಬೇಕು, ಮಾಸು ಪೂರ್ತಿ ಬಿತ್ತೇ ನೋಡಬೇಕು. ಮುಂದೆ ದಿನಾ ಬಂದು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆನೀರು ಹಾಕಬೇಕು; ಸಾಂಬ್ರಾಣಿ ಹೊಗೆ ಕೊಡಬೇಕು; ಬಾಣಂತಿಯ ಪಥ್ಯ ನೋಡಬೇಕು. ಹಳ್ಳಿಗಳಲ್ಲಿ ಇದಕ್ಕೆ ಸಲ್ಲುತ್ತಿದ್ದದ್ದು ಮೊರದ ತುಂಬ ಧಾನ್ಯ, ಎಲೆಯಡಿಕೆ, ಉಳ್ಳವರ ಮನೆಯಾದರೆ ಒಂದು ಸೀರೆ. ಊರಿನ ಹುಟ್ಟನ್ನೆಲ್ಲ ಕೈಯಲ್ಲಿ ಹಿಡಿದ ಈ ಹೆಂಗಸರಲ್ಲಿ ಎಷ್ಟೋ ಮಂದಿಯನ್ನು ಉಳಿದ ದಿನಗಳಲ್ಲಿ ಜಾತಿಯ ನೆಪದಲ್ಲಿ ಹೊಸಿಲಾಚೆ ನಿಲ್ಲಿಸಿದ್ದೂ ಇದೇ ಊರುಗಳು. ಅದನ್ನು ಮರೆತು ಅವರನ್ನು ಹೊಗಳುವುದು ಅನ್ಯಾಯ.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ನೆತ್ತರು ನಿಲ್ಲದಿದ್ದರೆ, ನಂಜೇರಿದರೆ, ಕೂಸು ಅಡ್ಡಬಿದ್ದರೆ ಎಂಥ ಪಳಗಿದ ಕೈಯೂ ಸಾಲದು. ಎಷ್ಟೋ ತಾಯಂದಿರು ಹಾಗೆಯೇ ಹೋದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, ಕರ್ನಾಟಕದಲ್ಲಿ 2005–06ರ ಹೊತ್ತಿಗೆ ನೂರರಲ್ಲಿ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದರೆ, 2019–21ರ ವೇಳೆಗೆ ಅದು 97. ಆದರೆ ಬೇನೆ ತಿನ್ನುವವಳ ಪಕ್ಕ ಕೂತು ಸೊಂಟ ನೀವುವ ಆ ಕೈಯನ್ನು ನಾವು ಆಸ್ಪತ್ರೆಯ ಹೊರಗೇ ಬಿಟ್ಟುಬಂದೆವು. ಗದ್ದಲದ ವಾರ್ಡಿನಲ್ಲಿ ಚೊಚ್ಚಲು ಬಸುರಿ ಒಬ್ಬಳೇ ಹೆದರಿ ಮಲಗಿರುವುದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ತೀರಿಕೊಂಡ ವರ್ಷವೇ ಕೇಂದ್ರ ಸರ್ಕಾರ ತರಬೇತಾದ ಮಿಡ್‌ವೈಫ್‌ಗಳನ್ನು ಸಿದ್ಧಪಡಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತು ಹೆಣ್ಣು ಸಂಗಾತಿಯೊಬ್ಬಳು ಜೊತೆಗಿರಬಹುದೆಂದು ಅದಕ್ಕೂ ಮುಂಚೆ, 2016ರಲ್ಲೇ ಕೇಂದ್ರ ಹೇಳಿತ್ತು. ನಿಮ್ಮ ಮನೆಯ ಬಸುರಿಯನ್ನು ಹೆರಿಗೆಗೆ ಸೇರಿಸುವಾಗ ಇದನ್ನು ನೆನಪಿಟ್ಟು ಕೇಳಿ. ಹತ್ತಿರದ ಹೆಣ್ಣುಜೀವವೊಂದನ್ನು ಅವಳ ಪಕ್ಕ ಕೂರಿಸಿ.