ಇರುವೆಗಳು ಮೊದಲು ಕಂಡದ್ದು

ನನ್ನ ಸೋದರಮಾವ ಮಾಸ್ತರಿಕೆಯಿಂದ ನಿವೃತ್ತರಾದ ವರ್ಷದ ಬೇಸಗೆಯಲ್ಲಿ, ಹಾಸಿಗೆಯ ಪಕ್ಕದ ತಂಬಿಗೆಯ ನೀರು ಬೆಳಗಾಗುವ ಮೊದಲೇ ಬರಿದಾಗತೊಡಗಿತು. ಸೆಖೆಯ ದಿನಗಳೆಂದು ಮನೆಯವರು ಅದನ್ನು ಲಕ್ಷಿಸಲಿಲ್ಲ. ರಾತ್ರಿ ಮೂರು ನಾಲ್ಕು ಸಲ ಏಳುವುದಕ್ಕೆ ವಯಸ್ಸನ್ನೂ, ಓದುವಾಗ ಅಕ್ಷರ ಮಂಜಾಗುವುದಕ್ಕೆ ಹಳೆಯ ಕನ್ನಡಕವನ್ನೂ ಕಾರಣವಾಗಿಸಿದರು. ಮೈ ಇಳಿದುದನ್ನು ಕಂಡ ನಂಟರಂತೂ ಬೆಳಗಿನ ವಾಕಿಂಗಿನ ಫಲವೆಂದು ಹೊಗಳಿದರು. ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲುಗಟ್ಟಿದಾಗ ಅತ್ತೆ ಅರಿಸಿನದ ಪುಡಿ ಉದುರಿಸಿ ಸುಮ್ಮನಾದರು. ಮಳೆಗಾಲ ಬಂತು, ನೀರಡಿಕೆ ಹೋಗಲಿಲ್ಲ. ಕೊನೆಗೆ ಚಪ್ಪಲಿ ಕಚ್ಚಿದ ಗಾಯವೊಂದು ಒಂದೂವರೆ ತಿಂಗಳಾದರೂ ಮಾಯದಿರಲು ವೈದ್ಯರಲ್ಲಿಗೆ ಹೋದರೆ, ಆತ ಗಾಯವನ್ನು ನೋಡುವುದಕ್ಕೆ ಮುಂಚೆ ಕೇಳಿದ್ದು, “ಮಾಸ್ತರೇ, ರಾತ್ರಿ ಎಷ್ಟು ಸಲ ಏಳುತ್ತೀರಿ?” ಎಂದು. ರಕ್ತದ ಸಕ್ಕರೆ 300ನ್ನು ದಾಟಿತ್ತು.

ರೋಗವು ತಲೆದೋರುವುದಕ್ಕೆ ಮುನ್ನ ಮೈಯಲ್ಲಿ ಮೂಡುವ ಸೂಚನೆಗಳಿಗೆ ಆಯುರ್ವೇದವು ‘ಪೂರ್ವರೂಪ’ವೆಂಬ ಸೊಗಸಾದ ಹೆಸರನ್ನಿತ್ತಿದೆ. ಚರಕಸಂಹಿತೆಯ ನಿದಾನಸ್ಥಾನವು ಪ್ರಮೇಹದ (ಮಧುಮೇಹವೂ ಸೇರಿದ ಮೂತ್ರರೋಗಗಳ ಗುಂಪಿನ) ಪೂರ್ವರೂಪಗಳನ್ನು ಎಣಿಸುವಾಗ ಬಾಯಾರಿಕೆ, ಆಲಸ್ಯ, ಸದಾ ತೂಕಡಿಕೆ, ಕೈಕಾಲುಗಳ ಉರಿ ಮತ್ತು ಜೋಮುಗಳೊಡನೆ, ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಹೇಳುತ್ತದೆ. ಪ್ರಯೋಗಶಾಲೆಯಿಲ್ಲದ ಕಾಲದ ವೈದ್ಯನಿಗೆ ಇರುವೆಯೇ ಪರೀಕ್ಷಕ. ಮೂತ್ರದ ಆ ಸಿಹಿಗೆ ಸಕ್ಕರೆಯೇ ಕಾರಣವೆಂದು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ತೋರಿಸಿಕೊಟ್ಟದ್ದು 1776ರಲ್ಲಿ.

ಸೂಚನೆಗಳು ಬಿಡಿಬಿಡಿಯಾಗಿ ತೋರಿದರೂ ಅವುಗಳ ಮೂಲ ಒಂದೇ. ರಕ್ತದಲ್ಲಿನ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿತೆಂದರೆ, ಅದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳುವುದು ಮೂತ್ರಪಿಂಡಗಳಿಗೆ ಅಸಾಧ್ಯವಾಗಿ, ಮಿಕ್ಕದ್ದು ಮೂತ್ರದಲ್ಲಿ ಹರಿಯುತ್ತದೆ. ಹರಿಯುವಾಗ ನೀರನ್ನೂ ತನ್ನೊಡನೆ ಸೆಳೆದೊಯ್ಯುವುದರಿಂದ ಬಹುಮೂತ್ರ, ಅದರಿಂದ ಬಾಯಾರಿಕೆ. ಉಂಡ ಅನ್ನದ ಸತ್ತ್ವವು ಜೀವಕೋಶಗಳಿಗೆ ದಕ್ಕದೆ ಹೋಗಲಾಗಿ ದೇಹವು ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸುತ್ತದೆ. ಆದುದರಿಂದಲೇ ಹಸಿವು ಹೆಚ್ಚಿದರೂ ಮೈ ಇಳಿಯುವುದು. ಕಣ್ಣಿನ ಮಸೂರವು ಸಕ್ಕರೆಯ ಏರಿಳಿತಕ್ಕೆ ತಕ್ಕಂತೆ ಉಬ್ಬುವುದರಿಂದ ದೃಷ್ಟಿ ಮಂಜಾಗುತ್ತದೆ. ಅಂಥ ಸಮಯದಲ್ಲಿ ಕೊಂಡ ಹೊಸ ಕನ್ನಡಕ ಸಕ್ಕರೆ ಹತೋಟಿಗೆ ಬಂದಮೇಲೆ ನಿರುಪಯುಕ್ತ. ಗುಪ್ತಾಂಗದ ತುರಿಕೆ, ಪದೇ ಪದೇ ಏಳುವ ಕುರು, ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗುವುದು, ಇವೂ ಗಮನಾರ್ಹ. ಇವುಗಳಲ್ಲಿ ಯಾವುದೂ ಗುರುತಿಲ್ಲದ ಅತಿಥಿಯಲ್ಲ. ಪ್ರತಿಯೊಂದಕ್ಕೂ ಮನೆಯಲ್ಲಿ ಒಂದು ಸಿದ್ಧ ಸಮಾಧಾನವಿದೆ. ನಾವು ಮೋಸಹೋಗುವುದು ಆ ಸಮಾಧಾನದಿಂದ.

ಮಕ್ಕಳ ವಿಷಯದಲ್ಲಿ ಈ ಸಮಾಧಾನವು ಪ್ರಾಣಾಂತಿಕವಾಗಬಲ್ಲುದು. ಒಂದನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಬತ್ತಿಹೋಗುವುದರಿಂದ, ಹಾಸಿಗೆ ಒದ್ದೆಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಕೆಲವೇ ವಾರಗಳಲ್ಲಿ ಮತ್ತೆ ಒದ್ದೆಮಾಡತೊಡಗಿ, ನೀರಿಗಾಗಿ ಹಾತೊರೆದು, ಬಡವಾಗುತ್ತದೆ. ಅನಂತರದ ವಾಂತಿ, ಹೊಟ್ಟೆನೋವುಗಳನ್ನು ಅಜೀರ್ಣವೆಂದು ಬಗೆದು ಕಷಾಯ ಕುಡಿಸುತ್ತ ಕೂರುವ ಹೊತ್ತಲ್ಲ ಅದು; ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಏದುಸಿರು ಕಂಡೊಡನೆ ಆಸ್ಪತ್ರೆಗೆ ಧಾವಿಸಬೇಕು.

ಹಿರಿಯರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯಾದರೋ ಇದಕ್ಕೆ ವಿರುದ್ಧ: ವರ್ಷಗಟ್ಟಲೆ ಯಾವ ಸೂಚನೆಯನ್ನೂ ಕೊಡದೆ ಒಳಗೊಳಗೇ ನರಗಳನ್ನೂ ಅಕ್ಷಿಪಟಲವನ್ನೂ ಸವೆಸಬಲ್ಲುದು. ದೇಶದಲ್ಲಿ 10 ಕೋಟಿಗೂ ಮಿಕ್ಕ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಅಂದಾಜು ಮಾಡಿರುವಾಗ, ಪೂರ್ವರೂಪಕ್ಕಾಗಿ ಕಾಯುವುದು ವಿವೇಕವಲ್ಲ. 30 ವರ್ಷ ತುಂಬಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ವ್ಯವಸ್ಥೆಯಿದೆ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕೂ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಅದು ಮಧುಮೇಹ. ತಂದೆತಾಯಿಗಳಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದವರು, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರು, ಹೊಟ್ಟೆ ಬೆಳೆದವರು ಈ ಪರೀಕ್ಷೆಯನ್ನು ಮುಂದೂಡಲಾಗದು.

ಮಾವನವರ ಗಾಯ ಎರಡು ತಿಂಗಳಲ್ಲಿ ಮಾಯಿತು. ಅಂಗಾಲಿನ ಜೋಮು ಮಾತ್ರ ಇಂದಿಗೂ ಹೋಗಿಲ್ಲ.